ಗುಳಿಗೆ ಇಂಕಿನ ಮೂವತ್ತೊಂದು ಮಂದಿ

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಬೇಸಿಗೆ. ಬಸವನಗುಡಿಯಿಂದ ಚಾಮರಾಜಪೇಟೆಯ ಕಡೆಗೆ ಇಳಿಯುವ ಒಂದು ರಸ್ತೆಯಲ್ಲಿದ್ದ ಕಾಲೇಜಿನಲ್ಲಿ ನಾನು ಗಣಿತದ ಉಪನ್ಯಾಸಕನಾಗಿದ್ದೆ. ಆ ವರ್ಷ ಇಂಟರ್‌ಮೀಡಿಯೆಟ್ ಪರೀಕ್ಷೆಯ ಸಹಾಯಕ ಮೇಲ್ವಿಚಾರಕನ ಕೆಲಸವನ್ನೂ ನನಗೆ ವಹಿಸಿದ್ದರು. ಬರೆದಾದ ಉತ್ತರಪತ್ರಿಕೆಗಳನ್ನು ಇಪ್ಪತ್ತರಂತೆ ಕಟ್ಟು ಕಟ್ಟುವುದು, ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುವುದು, ರೈಲಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವುದು, ಅಲ್ಲಿಯವರೆಗೆ ಭದ್ರವಾಗಿ ಇಡುವುದು. ಇಷ್ಟೇ ಕೆಲಸ. ಮುದ್ರೆ ಒಡೆದ ಕಟ್ಟು ಸಿಕ್ಕರೆ ಮೇಲ್ವಿಚಾರಕನ ನೌಕರಿ ಹೋಗುತ್ತದೆ ಎಂದು ಮುದ್ರಿತ ಸೂಚನೆಯಲ್ಲಿಯೇ ಇತ್ತು.

ಕೊನೆಯ ಎರಡು ಪತ್ರಿಕೆಗಳು ಗಣಿತ ಮತ್ತು ರಸಾಯನಶಾಸ್ತ್ರ. ಬರೆದವರು ನೂರ ಅರವತ್ತನಾಲ್ಕು ಮಂದಿ. ಎರಡೂ ಸೇರಿ ಹದಿನೆಂಟು ಕಟ್ಟುಗಳಾದವು. ಶನಿವಾರ ಮಧ್ಯಾಹ್ನ ಪಾರ್ಸೆಲ್ ಕಚೇರಿ ಮುಚ್ಚಿದ್ದರಿಂದ ಅವು ಸೋಮವಾರದವರೆಗೆ ಕಾಲೇಜಿನಲ್ಲಿಯೇ ಉಳಿಯಬೇಕಾಯಿತು. ಕಟ್ಟಡದಲ್ಲಿ ಎಲ್ಲಕ್ಕಿಂತ ಗಟ್ಟಿ ಬೀಗವಿದ್ದದ್ದು ನೆಲಮಟ್ಟಕ್ಕಿಂತ ಮೂರು ಮೆಟ್ಟಿಲು ಕೆಳಗಿನ ಒಂದು ಕೋಣೆಗೆ. ನಾನೇ ಅವನ್ನು ಅಲ್ಲಿಡಿಸಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಮನೆಗೆ ಹೋದೆ. ನಾನು ಯೋಚಿಸಿದ್ದು ಕಳ್ಳರ ಬಗ್ಗೆ. ನೀರಿನ ಬಗ್ಗೆ ಯೋಚಿಸಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಶುರುವಾದ ಮಳೆ ಬೆಳಗಿನವರೆಗೂ ಬಿಡಲಿಲ್ಲ. ಮೇಲಿನ ಕೆರೆಯ ಏರಿ ಒಡೆದು, ರಾಜಕಾಲುವೆ ತುಂಬಿ, ನೀರು ಕಾಲೇಜಿನ ಹಿಂದಿನ ಓಣಿಗೆ ನುಗ್ಗಿತು. ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಬಂದಾಗ ಓಣಿಯಲ್ಲಿ ಸೊಂಟದವರೆಗೆ ಕೆಂಪು ನೀರು. ಅಲ್ಲಿನ ಮನೆಗಳ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿಯುತ್ತಿದ್ದವು. ಗೋಡೆ ಬೀಳುವಾಗ ದೊಡ್ಡ ಸದ್ದೇನೂ ಆಗುತ್ತಿರಲಿಲ್ಲ. ಒದ್ದೆ ಮೂಟೆಯೊಂದನ್ನು ಇಳಿಸಿದ ಹಾಗೆ ಕೇಳಿಸುತ್ತಿತ್ತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ನಮ್ಮ ಹಾಸ್ಟೆಲಿನ ಹುಡುಗರು ಆಗಲೇ ನೀರಿಗಿಳಿದಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಬಾವಿಯ ಹಗ್ಗವನ್ನು ಓಣಿಯ ಎರಡೂ ತುದಿಗೆ ಕಟ್ಟಿ, ಅದನ್ನು ಹಿಡಿದು ಮಕ್ಕಳನ್ನೂ ಮುದುಕರನ್ನೂ ಹೊತ್ತು ತರುತ್ತಿದ್ದರು. ಅವರಲ್ಲಿ ಎತ್ತರದವನು ಕೆಂಪಯ್ಯ. ಕನಕಪುರದ ಕಡೆಯ ರೈತರ ಮನೆಯ ಹುಡುಗ, ನನ್ನ ವಿದ್ಯಾರ್ಥಿ. ಹಪ್ಪಳ ಮಾಡಿ ಮಾರುತ್ತಿದ್ದ ಗೌರಮ್ಮ ಎಂಬುವವರ ಅತ್ತೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಅವನು ಬರುತ್ತಿದ್ದಾಗ ಆ ಅಜ್ಜಿ ಅವನ ತಲೆಗೂದಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಅಜ್ಜೀ, ಕೂದ್ಲು ಬಿಡವ್ವಾ, ಕಿತ್ತೋಗ್ತದೆ.”

“ಬಿಟ್ರೆ ನಾನ್ ಹೋಗ್ತೀನಲ್ಲೋ. ನಿನ್ ಕೂದ್ಲು ಮತ್ತೆ ಬೆಳೀತದೆ, ನಡಿ.”

ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಮನೆಗಳವರು ಕಾಲೇಜಿನ ಮಹಡಿಯಲ್ಲಿದ್ದರು. ಹಾಸ್ಟೆಲಿನ ಅಡಿಗೆಯವರು ಹಂಡೆಯಲ್ಲಿ ಗಂಜಿ ಕಾಯಿಸಿದರು. ತರಗುಪೇಟೆಯ ಸಾಹುಕಾರರೊಬ್ಬರು ಗಾಡಿಯಲ್ಲಿ ಅಕ್ಕಿ, ಬೇಳೆಯ ಜೊತೆಗೆ ಒಣಗಿದ ಗೋಣಿಚೀಲಗಳನ್ನೂ ಕಳುಹಿಸಿದ್ದರು, ಹಾಸಿಕೊಳ್ಳಲಿಕ್ಕೆ. ಈ ಗೋಣಿಚೀಲಗಳ ಮಾತು ಮುಂದೆ ಬರುತ್ತದೆ.

ನೀರು ಇಳಿದ ಮೇಲೆ ಪ್ರಿನ್ಸಿಪಾಲರೂ ನಾನೂ ಕೆಳಗಿನ ಕೋಣೆಯ ಬೀಗ ತೆಗೆದೆವು. ಬೀಗ ಸುಲಭವಾಗಿಯೇ ತೆರೆಯಿತು. ಒಳಗೆ ಹದಿನೆಂಟು ಕಟ್ಟುಗಳೂ ಮುಳುಗಿ ಎದ್ದಿದ್ದವು. ಅರಗಿನ ಮುದ್ರೆ ಮಾತ್ರ ಒಂದೂ ಕೆಟ್ಟಿರಲಿಲ್ಲ.

ವಿಶ್ವವಿದ್ಯಾನಿಲಯಕ್ಕೆ ತಂತಿ ಕೊಟ್ಟು ಉತ್ತರಕ್ಕೆ ಕಾಯೋಣ ಎಂದವನು ನಾನು. ಇದು ನನ್ನ ಎರಡನೆಯ ತಪ್ಪು. ಭಾನುವಾರ ಉತ್ತರ ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಟ್ಟುಗಳಿಂದ ಮುಗ್ಗಲು ವಾಸನೆ ಬರುತ್ತಿತ್ತು.

“ಒಡೀರಿ,” ಎಂದರು ಪ್ರಿನ್ಸಿಪಾಲರು.

“ಸಾರ್, ಸೂಚನೆಯಲ್ಲಿ…”

“ಗೊತ್ತು. ಮೊದಲನೇದು ನಾನೇ ಒಡೀತೀನಿ. ಕೆಲಸ ಹೋದ್ರೆ ಇಬ್ರದ್ದೂ ಹೋಗಲಿ.” ಅವರು ಪೆನ್ಸಿಲ್ ಕೆತ್ತುವ ಚಾಕು ತೆಗೆದು ಮೊದಲ ಕಟ್ಟಿನ ಅರಗನ್ನು ಕಿತ್ತರು. ಎರಡನೆಯದನ್ನು ನಾನು ಕಿತ್ತೆ.

ಪತ್ರಿಕೆಗಳನ್ನು ತಾರಸಿಯ ಮೇಲೆ ಬಿಸಿಲಿಗೆ ಹರಡಿದೆವು. ಅರ್ಧ ಗಂಟೆಯಲ್ಲಿ ಅಂಚುಗಳು ಸುರುಳಿಯಾಗತೊಡಗಿದವು. ಬಟ್ಟೆ ಒಣಹಾಕಲು ಬಂದ ಗೌರಮ್ಮ ಸ್ವಲ್ಪ ಹೊತ್ತು ನಿಂತು ನೋಡಿದರು.

“ಏನ್ ಸ್ವಾಮಿ, ಹಸೀ ಹಪ್ಪಳಾನ ಇಂಥ ಬಿಸಿಲಿಗೆ ಹಾಕಿದ್ರೆ ಮುದುರ್ಕೊಳ್ಳಲ್ವಾ? ಕಾಗ್ದಕ್ಕೆ ಬೇರೆ ನ್ಯಾಯಾನಾ?”

“ಮತ್ತೇನು ಮಾಡ್ಬೇಕಮ್ಮ?”

“ನೆರಳಲ್ಲಿ, ಗಾಳೀಲಿ ಆರ್ಬೇಕು. ಇನ್ನೂ ಬಗ್ಗೋ ಹದದಲ್ಲಿರೋವಾಗ್ಲೇ ಎತ್ತಿ ಒಂದರ ಮೇಲೊಂದು ಪೇರ್ಸಿ ಹಗುರಕ್ಕೆ ಹಲಗೆ ಇಡ್ಬೇಕು. ಆಮೇಲೆ ಮತ್ತೆ ಹರಡ್ಬೇಕು. ಇಷ್ಟು ಓದಿದೀರಿ, ಇದು ಬರಲ್ವಾ ನಿಮ್ಗೆ?”

ಅವರ ಸ್ವಂತ ಮನೆ ಬಿದ್ದು ಹೋಗಿ ಒಂದು ದಿನವಾಗಿತ್ತು. ಹಪ್ಪಳದ ಮಣೆ, ಲಟ್ಟಣಿಗೆ, ಡಬ್ಬದ ಉದ್ದಿನ ಹಿಟ್ಟು ಎಲ್ಲವೂ ನೀರು ಪಾಲಾಗಿದ್ದವು. ಆದರೂ ಸೆರಗು ಸಿಕ್ಕಿಸಿ ಓಣಿಯ ಹನ್ನೊಂದು ಮಂದಿ ಹೆಂಗಸರನ್ನು ಕರೆದುಕೊಂಡು ಬಂದರು. ಸಭಾಂಗಣದ ನೆಲಕ್ಕೆ ಸಾಹುಕಾರರ ಗೋಣಿಚೀಲ ಹಾಸಿ, ಮೇಲೆ ಹುಡುಗರ ಪಂಚೆಗಳನ್ನು ಹರಡಿದೆವು. ಒಬ್ಬನ ಹಾಳೆ ಇನ್ನೊಬ್ಬನದರಲ್ಲಿ ಸೇರಿದರೆ ಎಲ್ಲವೂ ವ್ಯರ್ಥ ಎಂದು ನಾನು ಹೇಳಿದಾಗ, ಆ ಹೆಂಗಸರು ಪಂಚೆಯ ಮೇಲೆ ಇದ್ದಿಲಿನಿಂದ ಚೌಕಾಕಾರದ ಮನೆಗಳನ್ನು ಎಳೆದರು. ದಿನವೂ ರಂಗೋಲಿ ಹಾಕುವ ಕೈ. ಗೆರೆ ಎಲ್ಲಿಯೂ ಸೊಟ್ಟಗಾಗಲಿಲ್ಲ. ಒಂದು ಮನೆಗೆ ಒಬ್ಬ ವಿದ್ಯಾರ್ಥಿ. ಅವರಲ್ಲಿ ಯಾರಿಗೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಾದ್ದರಿಂದ ಪರೀಕ್ಷೆಯ ಗುಟ್ಟಿಗೂ ಭಂಗವಿರಲಿಲ್ಲ. ಬುಧವಾರ ಸಂಜೆಗೆ ಮುನ್ನೂರ ಇಪ್ಪತ್ತೆಂಟು ಪತ್ರಿಕೆಗಳೂ ಚಪ್ಪಟೆಯಾಗಿ ಒಣಗಿದ್ದವು. ಒಂದು ಹಾಳೆಯೂ ತಪ್ಪಿರಲಿಲ್ಲ.

ಅಷ್ಟರಲ್ಲಿ ತಂತಿಯ ಉತ್ತರ ಬಂದಿತ್ತು. ಮುದ್ರೆ ಒಡೆದದ್ದನ್ನು ನಾವು ಸೋಮವಾರವೇ ಇನ್ನೊಂದು ತಂತಿಯಲ್ಲಿ ತಿಳಿಸಿದ್ದೆವು, ಅದಕ್ಕೆ ವಿವರಣೆ ಕೇಳಿದ್ದರು. ಓದಲು ಬರುವ ಪತ್ರಿಕೆಗಳನ್ನು ಕಳುಹಿಸಿ, ಉಳಿದವರು ಸೆಪ್ಟೆಂಬರ್ ಪರೀಕ್ಷೆಗೆ ಕೂರಲಿ ಎಂದಿದ್ದರು.

ಓದಲು ಬರುವವು ಯಾವುವು ಎಂದು ಬೇರ್ಪಡಿಸಲು ಕುಳಿತಾಗ ವಿಷಯ ತಿಳಿಯಿತು. ಬಾಟಲಿಯ ಬ್ಲೂ-ಬ್ಲ್ಯಾಕ್ ಇಂಕಿನಲ್ಲಿ ಬರೆದ ಪತ್ರಿಕೆಗಳು ನೀರಿನಲ್ಲಿ ಮುಳುಗಿದ್ದರೂ ಹೆಚ್ಚು ಕೆಟ್ಟಿರಲಿಲ್ಲ. ಆದರೆ ಅಂಗಡಿಯಲ್ಲಿ ಇಂಕಿನ ಗುಳಿಗೆ ಎಂದು ಸಿಗುತ್ತಿತ್ತು. ಅದನ್ನು ನೀರಿನಲ್ಲಿ ಕದಡಿ, ಮರದ ಕಡ್ಡಿಗೆ ನಿಬ್ಬು ಸಿಕ್ಕಿಸಿದ ಮುಳ್ಳಿನ ಪೆನ್ನನ್ನು ಅದ್ದಿ ಬರೆಯುವುದು ಬಾಟಲಿ ಕೊಳ್ಳಲಾಗದವರ ರೂಢಿ. ಆ ಪತ್ರಿಕೆಗಳಲ್ಲಿ ಉಳಿದಿದ್ದದ್ದು ನೇರಳೆ ಬಣ್ಣದ ಮೋಡ ಮಾತ್ರ. ಅಂಥವು ಅರವತ್ತೆರಡು. ಅಂದರೆ ಮೂವತ್ತೊಂದು ವಿದ್ಯಾರ್ಥಿಗಳು. ಕಟ್ಟಿನಲ್ಲಿ ಜೋಡಿಸಿದ್ದ ಕ್ರಮಸಂಖ್ಯೆಯ ಪ್ರಕಾರ ಅವರ ಹೆಸರುಗಳನ್ನು ಬರೆದುಕೊಂಡಾಗ, ಭಾನುವಾರ ನೀರಿಗಿಳಿದವರಲ್ಲಿ ಹೆಚ್ಚಿನವರು ಅದರಲ್ಲಿದ್ದರು.

ಕೆಂಪಯ್ಯ ನನ್ನ ಕೋಣೆಯ ಬಾಗಿಲಿಗೆ ಬಂದ.

“ಸಾರ್, ನಂದು ಗುಳಿಗೆ ಇಂಕು.”

“ನೋಡೋಣಪ್ಪಾ.”

“ಪರೀಕ್ಷೆ ದಿನ ಕೇಳಿದ್ದೆ ಸಾರ್ ನಿಮ್ಮನ್ನ. ಯಾವ ಇಂಕಾದ್ರೂ ಆಗುತ್ತೆ, ಅಕ್ಷರ ಕಂಡ್ರೆ ಸಾಕು ಅಂದ್ರಿ.” ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. “ಸೆಪ್ಟೆಂಬರ್ ಅಂದ್ರೆ ಹಾಸ್ಟೆಲ್ ಇರಲ್ಲ ಸಾರ್. ಜೂನಿಗೆ ಪಾಸಾಗಿದ್ರೇನೇ ಫ್ರೀ ಸೀಟು. ಊರಿಗೆ ಹೋದ್ರೆ ನಮ್ಮಪ್ಪ ಮತ್ತೆ ಕಳ್ಸಲ್ಲ.”

ಅವನನ್ನು ಹಾಸ್ಟೆಲಿಗೆ ಕಳುಹಿಸಿ, ಆ ಮೂವತ್ತೊಂದು ಹೆಸರುಗಳ ಪಟ್ಟಿಯನ್ನು ಉಪನ್ಯಾಸಕರ ಕೋಣೆಗೆ ಒಯ್ದೆ.

ದಾರಿ ತೋರಿಸಿದವರು ನಮ್ಮ ಕನ್ನಡ ಪಂಡಿತರು. ಅವರನ್ನು ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಎನ್.ಆರ್. ಕಾಲೋನಿಯ ಅವರ ಮನೆಯ ತುಂಬ ಓಲೆಗರಿಯ ಕಟ್ಟುಗಳು. ಮರುದಿನ ಬೆಳಿಗ್ಗೆ ಅವರು ಕೆಟ್ಟ ಹಾಳೆಯೊಂದನ್ನು ಎತ್ತಿಕೊಂಡು ಪೂರ್ವದ ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ಹಿಡಿದು, ನಿಧಾನವಾಗಿ ತಿರುಗಿಸಿದರು.

“ಓಲೆಗರೀಲಿ ಮಸಿ ಎಲ್ರೀ ಇರುತ್ತೆ? ಕಂಟದಲ್ಲಿ, ಅಂದ್ರೆ ಕಬ್ಬಿಣದ ಮೊನೇಲಿ ಕೊರೆದಿರ್ತಾರೆ, ಆಮೇಲೆ ಮಸಿ ತಿಕ್ತಾರೆ. ಮಸಿ ಹೋದ್ರೂ ಗೀರು ಹೋಗಲ್ಲ. ಈ ಹುಡುಗ್ರು ಮುಳ್ಳಿನ ಪೆನ್ನಲ್ಲಿ ಕಾಗದಾನ ಉತ್ತಿದಾರೆ. ಬನ್ನಿ ಇಲ್ಲಿ, ನೋಡಿ.”

ನೋಡಿದೆ. ನೇರಳೆ ಮೋಡದ ಅಡಿಯಲ್ಲಿ ಸಾಲುಸಾಲಾಗಿ ಗೀರುಗಳು. ಕಾಗದ ಚಪ್ಪಟೆಯಾಗಿ ಒಣಗಿದ್ದರಿಂದ ಅವು ಕಾಣಿಸುತ್ತಿದ್ದವು. ಸುರುಳಿಯಾಗಿದ್ದರೆ ಅದೂ ಇರುತ್ತಿರಲಿಲ್ಲ.

ಪ್ರಿನ್ಸಿಪಾಲರು ಆ ದಿನವೇ ರೈಲು ಹತ್ತಿ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮುದ್ರೆಯ ವಿವರಣೆಯನ್ನು ಒಪ್ಪಿಸಿ, ಒಂದು ಏರ್ಪಾಟಿಗೆ ಒಪ್ಪಿಗೆ ತಂದರು. ಕೆಟ್ಟ ಪತ್ರಿಕೆಗಳ ನಕಲು ಮಾಡಬಹುದು. ಮೂಲವನ್ನು ನಕಲಿನ ಜೊತೆಗೆ ಹೊಲಿಯಬೇಕು. ಪ್ರತಿ ಪುಟಕ್ಕೂ ಮೂವರ ಸಹಿ. ನಕಲು ಮಾಡುವವರಿಗೆ ಆ ವಿಷಯ ಬರಬಾರದು. ಈ ಕೊನೆಯ ಷರತ್ತು ಪ್ರಿನ್ಸಿಪಾಲರದೇ. ವಿಷಯ ಬಲ್ಲವನು ತಿಳಿಯದೆಯೇ ತಿದ್ದುತ್ತಾನೆ ಎಂಬುದು ಅವರ ವಾದ.

ಹೀಗಾಗಿ ಆಚಾರ್ರು ಓದುವುದು, ಇತಿಹಾಸದ ಉಪನ್ಯಾಸಕರು ಬರೆಯುವುದು, ಆಯಾ ವಿಷಯದ ಉಪನ್ಯಾಸಕರು ಬಾಯಿ ಹಾಕದೆ ಪಕ್ಕದಲ್ಲಿದ್ದು ಮೂರನೆಯ ಸಹಿ ಹಾಕುವುದು ಎಂದಾಯಿತು. ಬೆಳಕು ಓರೆಯಾಗಿ ಬೀಳುವ ಬೆಳಗಿನ ಎರಡೂವರೆ ಗಂಟೆ ಮಾತ್ರ ಕೆಲಸ. ಹತ್ತೊಂಬತ್ತು ದಿನ ನಡೆಯಿತು.

“ಇದೇನ್ರೀ, ಜೇನುಗೂಡಿಂದ ಒಂದು ಮನೆ ಕಿತ್ತು ಇಟ್ಟ ಹಾಗಿದೆ?”

“ನಂಗೇನ್ ಗೊತ್ತು ಆಚಾರ್ರೇ. ಆರು ಮೂಲೆ ತಾನೆ? ಆರೇ ಬರೀತೀನಿ.”

ಅದು ಬೆಂಜೀನಿನ ಚಿತ್ರವೆಂದು ಬಲ್ಲ, ಪಕ್ಕದಲ್ಲಿ ಕುಳಿತಿದ್ದ ರಸಾಯನಶಾಸ್ತ್ರದವರು ನಗು ಅಡಗಿಸಲು ಗೋಡೆಯ ಕಡೆಗೆ ತಿರುಗಿ ಕುಳಿತರು.

ಏಳನೆಯ ದಿನ ಗಣಿತದ ಒಂದು ಪತ್ರಿಕೆ. ಕೈಬರಹ ನನಗೆ ಗೊತ್ತಿತ್ತು. ಆಚಾರ್ರು ಒಂದು ಕಡೆ ನಿಂತುಬಿಟ್ಟರು.

“ಮೇಷ್ಟ್ರೇ, ಇಲ್ಲಿ ಕೂಡ್ಸೋದೋ, ಕಳೆಯೋದೋ? ಅಡ್ಡಗೆರೆ ಇದೆ. ಉದ್ದಗೆರೆ ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ.”

ಆ ಲೆಕ್ಕ ನನಗೆ ಬಾಯಿಪಾಠ. ಅಲ್ಲಿ ಕಳೆಯಬೇಕು. ನಾನು “ಕಳೆಯೋದು” ಎಂದಿದ್ದರೆ ಯಾರೂ ಸಂಶಯಪಡುತ್ತಿರಲಿಲ್ಲ. ಇತಿಹಾಸದವರ ಪೆನ್ನು ಕಾಗದದ ಮೇಲೆ ತಡೆದು ನಿಂತಿತ್ತು. ಆ ಹುಡುಗನ ಬೆನ್ನಮೇಲಿದ್ದ ಅಜ್ಜಿ ನನ್ನ ಕಣ್ಣಮುಂದೆ ಬಂದರು.

“ನನ್ನನ್ನ ಕೇಳ್ಬೇಡಿ ಆಚಾರ್ರೇ. ಕಂಡದ್ದನ್ನ ಹೇಳಿ,” ಎಂದು ಹೊರಗೆ ಹೋದೆ.

ಭೌತಶಾಸ್ತ್ರ ವಿಭಾಗದ ಭೂತಗನ್ನಡಿ ತರಿಸಿ ಅವರು ಬಹಳ ಹೊತ್ತು ನೋಡಿದರಂತೆ. ಉದ್ದಗೆರೆ ಇತ್ತು. ಕೂಡಿಸುವ ಚಿಹ್ನೆಯನ್ನೇ ಬರೆದರು. ಕೆಂಪಯ್ಯನ ಲೆಕ್ಕ ತಪ್ಪಾಗಿತ್ತು, ತಪ್ಪಾಗಿಯೇ ಹೋಯಿತು.

ಜೂನ್ ಮೊದಲ ವಾರ ಫಲಿತಾಂಶ ಬಂತು. ಮೂವತ್ತೊಂದರಲ್ಲಿ ಇಪ್ಪತ್ತಾರು ಮಂದಿ ತೇರ್ಗಡೆಯಾಗಿದ್ದರು. ಫೇಲಾದ ಐವರೂ ತಮ್ಮ ತಪ್ಪಿನಿಂದಲೇ ಫೇಲಾಗಿದ್ದರು, ನೀರಿನಿಂದಲ್ಲ. ನಮ್ಮ ಒಂದು ನಕಲಿನ ಬಗ್ಗೆಯೂ ಪರೀಕ್ಷಕರು ಆಕ್ಷೇಪ ಎತ್ತಲಿಲ್ಲ. ಕೆಂಪಯ್ಯ ಎರಡನೆಯ ದರ್ಜೆಯಲ್ಲಿ ಪಾಸಾಗಿ ಹಾಸ್ಟೆಲಿನಲ್ಲಿಯೇ ಉಳಿದ. ಅವನೇ ಒಂದು ದಿನ ಹೇಳಿದ: “ಒಂದ್ ಲೆಕ್ಕ ಕೆಡಿಸ್ಕೊಂಡೆ ಸಾರ್. ಪರೀಕ್ಷೆ ಹಾಲಿಂದ ಹೊರಗೆ ಬಂದ್ಮೇಲೆ ಗೊತ್ತಾಯ್ತು, ಕಳೀಬೇಕಿತ್ತು.” ನಾನು ಹೌದು ಎಂದೆ.

ಓಣಿಯವರು ಎರಡು ತಿಂಗಳು ಕಾಲೇಜಿನಲ್ಲಿದ್ದರು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗದೆ ಉಳಿದ ಹುಡುಗರು ಅವರ ಗೋಡೆಗಳನ್ನು ಮತ್ತೆ ಎಬ್ಬಿಸಿದರು, ಈ ಸಲ ಮೊಳದೆತ್ತರದ ಕಲ್ಲಿನ ಬುನಾದಿಯ ಮೇಲೆ. ಗೌರಮ್ಮನವರ ಮನೆಗೆ ಮಣೆ, ಲಟ್ಟಣಿಗೆಗಳನ್ನು ಉಪನ್ಯಾಸಕರೆಲ್ಲ ಸೇರಿ ಕೊಡಿಸಿದೆವು. ಅವರು ಮೊದಲ ಸಲ ಮಾಡಿದ ಹಪ್ಪಳದ ಕಟ್ಟನ್ನು ಕಾಲೇಜಿಗೆ ತಂದು ನನ್ನ ಮೇಜಿನ ಮೇಲಿಟ್ಟು, “ನೋಡಿ ಮೇಷ್ಟ್ರೇ, ಒಂದಾದ್ರೂ ಮುದುರಿದ್ಯಾ?” ಎಂದರು.

ಆ ನಂತರದ ಇಪ್ಪತ್ತೆಂಟು ವರ್ಷ ಆ ಕಾಲೇಜಿನಲ್ಲಿ ನಾನು ಒಂದಲ್ಲ ಒಂದು ರೀತಿ ಪರೀಕ್ಷೆಯ ಕೆಲಸ ನೋಡಿಕೊಂಡೆ. ಬೀಗ ಭದ್ರವಾಗಿದ್ದರೆ ಜವಾಬ್ದಾರಿ ಮುಗಿಯಿತೆಂದು ಮತ್ತೆಂದೂ ನಂಬಲಿಲ್ಲ. ಕಟ್ಟುಗಳು ಯಾವಾಗಲೂ ಮಹಡಿಯ ಮೇಲಿರುತ್ತಿದ್ದವು. ಮತ್ತೊಂದು ಅಭ್ಯಾಸವೂ ಉಳಿಯಿತು. ಮರುವರ್ಷದಿಂದ ನಮ್ಮ ಪರೀಕ್ಷೆಯ ಹಾಲಿನ ಪ್ರತಿ ಮೇಜಿನ ಮೇಲೂ ಕಾಲೇಜಿನದೇ ಒಂದು ಇಂಕಿನ ಕುಡಿಕೆ. ಅದರಲ್ಲಿ ಬ್ಲೂ-ಬ್ಲ್ಯಾಕ್. ಯಾರ ಇಂಕು ಯಾವುದೆಂದು ಕೇಳುವ ಅಗತ್ಯವೇ ಇರಬಾರದು. ಪರೀಕ್ಷೆಯ ಬೆಳಿಗ್ಗೆ, ಹುಡುಗರು ಬರುವ ಒಂದು ಗಂಟೆ ಮೊದಲು ಹೋಗಿ, ಆ ಕುಡಿಕೆಗಳನ್ನು ನಾನೇ ತುಂಬುತ್ತಿದ್ದೆ. ನಿವೃತ್ತನಾದ ವರ್ಷವೂ ತುಂಬಿದೆ. ಅಷ್ಟು ಹೊತ್ತಿಗೆ ಎಲ್ಲರ ಜೇಬಿನಲ್ಲಿಯೂ ಒಳ್ಳೆಯ ಪೆನ್ನುಗಳಿದ್ದವು.