ಪದ್ಮಾ ಆಂಟಿಯ ಶುಕ್ರವಾರಗಳು

ಪದ್ಮಾ ಆಂಟಿಯ ಎತ್ತರ ಐದಡಿಗೆ ಎರಡಿಂಚು ಕಡಿಮೆ. ಓಡಿಸುತ್ತಿದ್ದದ್ದು ಮಾತ್ರ ತೀರಿಕೊಂಡ ಗಂಡನ ದೊಡ್ಡ ಪಿಕಪ್ ಟ್ರಕ್ಕು. ಎರಡು ದಿಂಬು ಹಾಕಿಕೊಂಡು ಕೂತರೂ ಎದುರಿನಿಂದ ನೋಡಿದವರಿಗೆ ಸ್ಟಿಯರಿಂಗಿನ ಮೇಲೆ ಬಿಳಿ ಕೂದಲು, ಕನ್ನಡಕ ಅಷ್ಟೇ ಕಾಣುತ್ತಿತ್ತು. ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ನಮ್ಮ ಬೀದಿಯ ಮಕ್ಕಳು ಡ್ರೈವರ್ ಇಲ್ಲದ ಟ್ರಕ್ ಬಂತು ಎಂದು ಕೂಗಿದರೆ ಆಂಟಿ ಹಾರ್ನ್ ಹೊಡೆದು ಸಲಾಮು ಮಾಡುತ್ತಿದ್ದರು.

ಬೆಂಗಳೂರಿನಿಂದ ಬಂದ ಹೊಸತರಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಅವರೇ. "ಗಂಡನ ಹತ್ರ ಮಾತ್ರ ಕಲೀಬೇಡ ರೂಪಾ. ಕಾರು ರಿಪೇರಿ ಆಗತ್ತೆ, ಸಂಸಾರ ಆಗಲ್ಲ" ಎಂದು ಮೊದಲನೇ ದಿನವೇ ಹೇಳಿದ್ದರು. ಹೈವೇಗೆ ಮೊದಲ ಸಲ ಇಳಿದಾಗ ನಾನು ಅತ್ತುಬಿಟ್ಟೆ. ಆಂಟಿ ಪಕ್ಕದಲ್ಲಿ ಹುರಿಗಡಲೆ ಅಗಿಯುತ್ತಲೇ ಇದ್ದರು. "ಅಳೋದಿದ್ರೆ ಎಕ್ಸಿಟ್ ತಗೊಂಡು ಅಳು. ಇಲ್ಲಿ ಅರವತ್ತರಲ್ಲಿ ಹೋಗ್ತಿದೀವಿ." ನಮ್ಮ ಕಡೆಯ ಎಷ್ಟೋ ಹೆಂಗಸರು ಹೀಗೆ ಅವರ ಕೈಕೆಳಗೆ ಪಾಸಾದವರು.

ಮೈಸೂರಿನವರು. ಇಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿ ನಿವೃತ್ತರಾಗಿದ್ದರು. ಹಾಗಾಗಿ ಒಬ್ಬಳೇ ಮಗಳು ಸ್ಮಿತಾಳ ರಕ್ತದ ರಿಪೋರ್ಟು ಬಂದಾಗ ಡಾಕ್ಟರು ಬಾಯಿ ಬಿಡುವ ಮೊದಲೇ ಅವರಿಗೆ ಎಲ್ಲ ಗೊತ್ತಾಗಿಹೋಗಿತ್ತು. ಸ್ಮಿತಾ ಹೋದಾಗ ಮೊಮ್ಮಗಳು ಚಾರ್ವಿಗೆ ನಾಲ್ಕು ವರ್ಷ.

ಆಮೇಲೆ ಎರಡು ವರ್ಷ ಆ ಮಗುವನ್ನು ನೋಡಿಕೊಂಡದ್ದು ಆಂಟಿಯೇ. ಬೆಳಗಿನ ಆರಕ್ಕೆ ಟ್ರಕ್ಕು ಲಿಟಲ್ ಎಲ್ಮ್‌ನಲ್ಲಿದ್ದ ಮಗಳ ಮನೆ ಕಡೆ ಹೊರಟರೆ, ಅಳಿಯ ಕಿರಣ್ ಆಫೀಸಿನಿಂದ ಬಂದಮೇಲೇ ವಾಪಸು. ಮುಂದೆ ಕಿರಣ್‌ಗೆ ಹ್ಯೂಸ್ಟನ್ನಿನಲ್ಲಿ ಕೆಲಸವಾಯಿತು. ಅಲ್ಲಿ ಮತ್ತೆ ಮದುವೆಯೂ ಆಯಿತು. ಆಂಟಿ ಆ ಮದುವೆಗೆ ಹೋಗಿ ಹೊಸ ಸೊಸೆಗೆ ಹೇಳುವಂತೆ ಆ ಹುಡುಗಿಗೆ ಮಗುವಿನ ಊಟ ನಿದ್ದೆಯ ವಿಚಾರವೆಲ್ಲ ಹೇಳಿ ಬಂದಿದ್ದರು. ತಿಂಗಳಿಗೊಮ್ಮೆ ನಾಲ್ಕು ಗಂಟೆ ಡ್ರೈವ್ ಮಾಡಿ ಹ್ಯೂಸ್ಟನ್‌ಗೆ ಹೋಗಿ, ಮಧ್ಯಾಹ್ನವೆಲ್ಲ ಚಾರ್ವಿಯ ಜೊತೆ ಪಾರ್ಕಿನಲ್ಲಿದ್ದು ಮರಳುತ್ತಿದ್ದರು.

ಒಂದು ದಿನ ಕಿರಣ್ ಫೋನ್ ಮಾಡಿ, ಸ್ವಲ್ಪ ದಿನ ಬರಬೇಡಿ ಅತ್ತೆ, ನೀವು ಬಂದು ಹೋದಮೇಲೆ ಮಗು ತುಂಬ ಅಳ್ತಾಳೆ ಎಂದರು. ಸ್ವಲ್ಪ ದಿನ ಎಂಬುದು ಎಂಟು ತಿಂಗಳಾಯಿತು. ಫೋನಿನಲ್ಲೂ ಮಗು ಸಿಗಲಿಲ್ಲ. ಆಂಟಿ ಕೊನೆಗೆ ಲಾಯರನ್ನು ಹಿಡಿದರು. ಹ್ಯೂಸ್ಟನ್ನಿನ ಜಡ್ಜ್ ತಿಂಗಳ ಮೊದಲ ಶನಿವಾರ ಅಜ್ಜಿ ಮೊಮ್ಮಗಳನ್ನು ನೋಡಬಹುದೆಂದು ಆರ್ಡರ್ ಕೊಟ್ಟರು. ಆಂಟಿ ನಮ್ಮ ಮನೆಗೆ ಓಡಿಬಂದು ಹೇಳಿದರು. ಆದರೆ ಆ ಶನಿವಾರ ಬರುವ ಮೊದಲೇ ಕಿರಣ್ ಆಸ್ಟಿನ್ನಿನಲ್ಲಿರುವ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ತೀರ್ಮಾನವಾಗುವವರೆಗೆ ಆರ್ಡರಿಗೆ ತಡೆ ಬಿತ್ತು.

ಆ ಕೋರ್ಟಿನ ತೀರ್ಪುಗಳು ಹೊರಬರುವುದು ಸಾಮಾನ್ಯವಾಗಿ ಶುಕ್ರವಾರ ಬೆಳಿಗ್ಗೆ. ಅಲ್ಲಿಂದ ಆಂಟಿಯ ವಾರವೆಲ್ಲ ಶುಕ್ರವಾರಕ್ಕೆ ಬಂದು ನಿಂತಿತು. ಸ್ನಾನ, ಪೂಜೆ ಮುಗಿಸಿ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ತಮ್ಮದು ಇಲ್ಲದಿದ್ದರೂ ಬೇರೆಯವರ ತೀರ್ಪುಗಳನ್ನು ಓದುತ್ತಿದ್ದರು. "ಪಾಪ, ಯಾರದೋ ಬೇಲಿ ಜಗಳ. ಹನ್ನೊಂದು ವರ್ಷ ಆಗಿದೆಯಂತೆ" ಎಂದು ನನಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಹಾಗೆ ಬೇರೆಯವರ ಕಷ್ಟಕ್ಕೆಲ್ಲ ಮರುಗಿ, ಕೊನೆಗೆ ಮೆಲ್ಲಗೆ, "ನಮ್ಮದು ಇವತ್ತೂ ಇಲ್ಲ" ಎನ್ನುತ್ತಿದ್ದರು.

ವಾದ ನಡೆದ ದಿನ ಅವರ ಜೊತೆ ನಾನೂ ಆಸ್ಟಿನ್‌ಗೆ ಹೋಗಿದ್ದೆ. ಎತ್ತರದ ಪೀಠದಲ್ಲಿ ಒಂಬತ್ತು ಜನ ಜಡ್ಜುಗಳು. ಅವರಲ್ಲೊಬ್ಬರು ನಮ್ಮ ಲಾಯರಮ್ಮನನ್ನು ಕೇಳಿದರು. ಈ ಅಜ್ಜಿ ಒಳ್ಳೆಯವರೆಂದೇ ಇಟ್ಟುಕೊಳ್ಳೋಣ, ಮಗುವನ್ನು ಚೆನ್ನಾಗಿ ಸಾಕುತ್ತಿರುವ ಅಪ್ಪ ಬೇಡವೆಂದಮೇಲೆ ಅದು ಸರಿಯೋ ತಪ್ಪೋ ಎನ್ನಲು ನಾವು ಯಾರು?

ಆಂಟಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅದಕ್ಕೆ ನಾನು ಉತ್ತರ ಹೇಳಬಹುದಾ?"

"ಇಲ್ಲ ಆಂಟಿ. ಲಾಯರುಗಳು ಮಾತ್ರ."

"ಜ್ವರ ಬಂದ್ರೆ ಚಾರ್ವಿ ನನ್ನ ಹೆಬ್ಬೆರಳು ಹಿಡ್ಕೊಂಡೇ ಮಲಗೋದು. ಅದು ಈ ಲಾಯರಿಗೆ ಗೊತ್ತಿಲ್ವಲ್ಲೇ."

ಹೊರಗೆ ಕಾರಿಡಾರಿನಲ್ಲಿ ಕಿರಣ್ ಒಬ್ಬರೇ ನಿಂತಿದ್ದರು. ಲಾಯರಮ್ಮ ಬೇಡವೆಂದು ಸನ್ನೆ ಮಾಡಿದರೂ ಆಂಟಿ ಸೀದಾ ಹೋದರು.

"ಊಟ ಮಾಡಿದ್ರಾ ಕಿರಣ್?"

ಅವರು ತಲೆ ತಗ್ಗಿಸಿದರು. "ಇಲ್ಲ ಅತ್ತೆ. ಮಾಡ್ತೀನಿ."

"ಪಾಪುಗೆ ಮುಂದಿನ ಹಲ್ಲು ಬಿತ್ತಾ?"

"ಎರಡು ಬಿದ್ವು."

"ಎರಡಾ!" ಆಂಟಿ ಇನ್ನೇನೋ ಕೇಳಲಿದ್ದರು. ಅಷ್ಟರಲ್ಲಿ ಕಿರಣ್‌ರ ಲಾಯರ್ ಬಂದು ಅವರನ್ನು ಕರೆದುಕೊಂಡು ಹೋದ.

ಡಾಲಸ್‌ಗೆ ಮರಳುವಾಗ ಡ್ರೈವ್ ಮಾಡಿದ್ದು ನಾನು. ಕಿಟಕಿಯಾಚೆ ನೋಡುತ್ತಿದ್ದ ಆಂಟಿ ಇದ್ದಕ್ಕಿದ್ದಂತೆ ಹೇಳಿದರು. "ಕಿರಣ್‌ದೇ ತಪ್ಪು ಅಂದ್ಕೋಬೇಡ. ಕೊನೇ ಸಲ ಹೋದಾಗ, ಅಮ್ಮನ ವಾಯ್ಸ್ ಹೇಗಿತ್ತು ಅಜ್ಜಿ ಅಂತ ಕೇಳ್ತು ಮಗು. ಸ್ಮಿತಾ ಕಳಿಸಿದ್ದ ಒಂದು ವಾಯ್ಸ್ ಮೆಸೇಜ್ ನನ್ನ ಫೋನಲ್ಲಿ ಹಾಗೇ ಇತ್ತು. ಮಗುಗೆ ಅದನ್ನೆಲ್ಲ ಕೇಳಿಸಬೇಡಿ ಅಂತ ಕಿರಣ್ ಮೊದಲೇ ಹೇಳಿದ್ರು. ನಾನು ಹಾಕ್ದೆ."

"ಏನಿತ್ತು ಅದರಲ್ಲಿ?"

"ಏನಿರತ್ತೆ? ಅಮ್ಮಾ, ನಾನು ಬರೋದು ಲೇಟು, ಚಾರ್ವಿಗೆ ಮೊಸರನ್ನ ತಿನ್ನಿಸಿಬಿಡು ಅಂತ. ಅಷ್ಟೇ. ಆಮೇಲೆ ಮಗು ಮೂರು ದಿನ ಊಟಾನೇ ಮಾಡ್ಲಿಲ್ಲವಂತೆ." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಹಾಕಬಾರದಿತ್ತಾ ರೂಪಾ?"



ಕೆಲವು ತಿಂಗಳ ನಂತರ ಒಂದು ಶುಕ್ರವಾರ ಆಂಟಿ ಫೋನ್ ಮಾಡಿ "ಬಾ" ಎಂದಷ್ಟೇ ಹೇಳಿ ಇಟ್ಟರು. ಹೋದಾಗ ತೀರ್ಪನ್ನು ಪ್ರಿಂಟ್ ಮಾಡಿ ಊಟದ ಮೇಜಿನ ಮೇಲಿಟ್ಟುಕೊಂಡಿದ್ದರು. ಇಂಗ್ಲಿಷು ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ, "ಕನ್ನಡದಲ್ಲಿ ಹೇಳು, ನಾನು ಏನಾದ್ರೂ ತಪ್ಪು ಓದ್ಕೊಂಡಿರಬಹುದು" ಎಂದರು.

ತಪ್ಪು ಓದಿಕೊಂಡಿರಲಿಲ್ಲ. ಅಪ್ಪ ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾನೆ. ಅಂಥ ಅಪ್ಪ ತೆಗೆದುಕೊಂಡ ನಿರ್ಧಾರ ಮಗುವಿನ ಒಳ್ಳೆಯದಕ್ಕೇ ಎಂದು ಕಾನೂನು ನಂಬುತ್ತದೆ. ಅಜ್ಜಿಯನ್ನು ನೋಡದಿದ್ದರೆ ಮಗುವಿಗೆ ದೊಡ್ಡ ಹಾನಿಯಾಗುತ್ತದೆಂದು ತೋರಿಸಿಲ್ಲ. ಕೆಳಗಿನ ಕೋರ್ಟಿನ ಆರ್ಡರ್ ರದ್ದು. ಕೊನೆಯ ಪುಟದಲ್ಲಿ, ಅಜ್ಜಿಯ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ ಎಂಬ ಒಂದು ವಾಕ್ಯ.

"ಅದನ್ನ ಇನ್ನೊಂದು ಸಲ ಓದು."

ಓದಿದೆ.

"ಅನುಮಾನ ಇಲ್ಲವಂತಾ?"

"ಇಲ್ಲವಂತೆ ಆಂಟಿ."

ಅವರು ಕಾಗದಗಳನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿಟ್ಟು ಒಂದೊಂದೇ ಪುಟ ಹುಡುಕತೊಡಗಿದರು. ಮಗುವಿನ ಗುರುತು ಸಿಗಬಾರದೆಂದು ಅಂಥ ತೀರ್ಪುಗಳಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಚಾರ್ವಿ ಬರೀ ಎರಡು ಇಂಗ್ಲಿಷ್ ಇನಿಷಿಯಲ್ ಆಗಿದ್ದಳು. ಕಿರಣ್ ಅಪ್ಪ, ಆಂಟಿ ಅಜ್ಜಿ. ತಾಯಿ, ಮೃತೆ, ಎಂದು ಒಂದೇ ಕಡೆ ಇತ್ತು.

"ಇಪ್ಪತ್ತಾರು ಪುಟ ಬರೆದಿದಾರೆ. ಸ್ಮಿತಾ ಅಂತ ಒಂದು ಕಡೆನೂ ಇಲ್ವಲ್ಲೇ" ಎಂದು ಬಿಕ್ಕಿದರು. ಸ್ಮಿತಾ ತೀರಿಹೋದಾಗಲೂ ನಾನು ಅವರನ್ನು ಹಾಗೆ ನೋಡಿರಲಿಲ್ಲ.

ಸಮಾಧಾನವಾದ ಮೇಲೆ ಕಾಫಿ ಮಾಡಿಕೊಟ್ಟದ್ದು ಅವರೇ. "ಸ್ಮಿತಾ ಚಿಕ್ಕವಳಿದ್ದಾಗ ನಮ್ಮತ್ತೆ ಹೀಗೆ ಕೋರ್ಟಿಗೆ ಹೋಗಿದ್ರೆ, ನನ್ನ ಮಗು, ನೀವ್ಯಾರು ಕೇಳಕ್ಕೆ ಅಂತ ನಾನೇ ಅಂದಿರ್ತಿದ್ದೆ" ಎಂದರು. ಮತ್ತೊಮ್ಮೆ ಪರಿಶೀಲಿಸಿ ಎಂದು ಕೋರ್ಟನ್ನು ಕೇಳಿಕೊಳ್ಳಬಹುದೆಂದು ಲಾಯರಮ್ಮ ಹೇಳಿದರೂ ಒಪ್ಪಲಿಲ್ಲ. "ನಾಳೆ ಮಗು ದೊಡ್ಡವಳಾಗಿ ಇದನ್ನೆಲ್ಲ ಓದ್ತಾಳೆ. ಅಪ್ಪನ ಮೇಲೆ ಇಷ್ಟು ಬರೆಸಿದ್ದು ಸಾಕು."

ಆಮೇಲೆ ಅವರು ಹ್ಯೂಸ್ಟನ್‌ಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಹೊಸಬರಿಗೆ ಡ್ರೈವಿಂಗ್ ಕಲಿಸುವುದನ್ನೂ ಬಿಟ್ಟರು. ಮುಂದಿನ ವರ್ಷ ಒಂದು ಬೆಳಿಗ್ಗೆ ಹಿತ್ತಲಿನ ಕರಿಬೇವಿನ ಕುಂಡದ ಪಕ್ಕದಲ್ಲಿ ಕುಸಿದಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಿರಣ್‌ಗೆ ನಾನೇ ಫೋನ್ ಮಾಡಿದೆ. ಅಂತ್ಯಕ್ರಿಯೆಗೆ ಹೆಂಡತಿ, ಮಗಳ ಜೊತೆ ಬಂದರು. ಚಾರ್ವಿ ನನ್ನ ಭುಜದವರೆಗೆ ಬೆಳೆದಿದ್ದಳು. ಅಜ್ಜಿಯ ಮುಖವನ್ನು ತುಂಬ ಹೊತ್ತು ನೋಡಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. "ವೈ ಡಿಡ್ ಶಿ ಸ್ಟಾಪ್ ಕಮಿಂಗ್?"

ಕಿರಣ್ ಅವಳ ಮುಂದೆ ಮಂಡಿಯೂರಿ ಕೂತರು.

"ಅಜ್ಜಿ ನಿಲ್ಲಿಸಲಿಲ್ಲ ಪುಟ್ಟಾ. ನಾನು ಬರಬೇಡಿ ಅಂದೆ."

ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಅಪ್ಪನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಹೋಗಿ ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಒಬ್ಬಳೇ ಕೂತಳು. ಕಿರಣ್ ಎದ್ದು ನಿಂತರು, ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಅವರ ಹೆಂಡತಿಯೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಸೀದಾ ಹೋಗಿ ಆ ಮಗುವಿನ ಪಕ್ಕದಲ್ಲಿ ಕೂರಬಲ್ಲವರು ನಮ್ಮಲ್ಲಿ ಒಬ್ಬರೇ ಇದ್ದರು.