ಜಿಂಕೆಯ ಬಾಯಲ್ಲಿದ್ದ ಹಸಿರು ಕುಡಿ

ಇದು ನಡೆದದ್ದು. ನಂಬದಿದ್ದರೆ ವಾದಕ್ಕೆ ಬನ್ನಿ. ನೀವು ಹೇಳಬಹುದಾದ ಒಂದೊಂದು ಕಾರಣವನ್ನೂ ನಾನೇ ಮೊದಲು ಎತ್ತಿ, ನಾನೇ ಉರುಳಿಸಿದ್ದೇನೆ. "ದೆವ್ವ" ಎಂದು ತಲೆಯಾಡಿಸುವವರು ಮಾತ್ರ ದೂರವಿರಿ. ಅವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ರೋಶನ್ ಮಂಗಳೂರಿನವನು. ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನನ್ನ ಜೋಡಿ. ಈಗ ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿ ಎಂಜಿನಿಯರ್. ನಾನು ಅದೇ ಊರಿನ ಲಿಂಡ್‌ಹೋಲ್ಮೆನ್‌ನಲ್ಲಿ ಕೋಡ್ ಬರೆಯುತ್ತೇನೆ. ಇಲ್ಲಿಗೆ ಬಂದ ಮೇಲೆ ಅವನು ಬೇಟೆಯ ಪರೀಕ್ಷೆ ಪಾಸು ಮಾಡಿದ. ಕಳೆದ ವಸಂತದಲ್ಲಿ ಗಂಡು ಜಿಂಕೆಯ ಬೇಟೆಗೆ ನನ್ನನ್ನೂ ಕರೆದೊಯ್ದ.

ಕಾರಿನಲ್ಲೇ ಜಗಳ ಶುರುವಾಯಿತು.

"ಬಿದ್ದ ಪ್ರಾಣಿಯ ಬಾಯಿಗೆ ಇಲ್ಲಿ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರದ ಕುಡಿ ಇಡ್ತಾರೆ. ಕೊನೆಯ ತುತ್ತು ಅಂತ. ಅದಕ್ಕೆ ತೋರಿಸುವ ಮರ್ಯಾದೆ," ಎಂದ ರೋಶನ್.

"ಕೊಂದ್ಬಿಟ್ಟು ಊಟ ಬಡಿಸ್ತೀರಾ? ಇಲ್ಲಿಯವರ ಫಿಕಾನೂ ಮಾಡಿಸಿ, ಅದೇ ಕಾಫಿ, ಬನ್ನು! ಈ ನಾಟಕ ನನ್ನೆದುರಿಗೆ ಬೇಡ ಕಣೋ."

"ಮಾಡುವುದಿಲ್ಲ, ಆಯ್ತಾ? ಈಗ ಬಾಯಿ ಮುಚ್ಚು ಮಾರಾಯ್ತಿ."

ಮಾತು ಕೊಟ್ಟ. ಅವನು ಕೊಟ್ಟ ಮಾತಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಸಂಜೆ. ಕತ್ತಲಾಗಲು ಒಪ್ಪದ ಆಕಾಶ. ನಾವು ಹತ್ತಿ ಕೂತ ಮಚಾನಿನ ಮುಂದೆ ಹುಲ್ಲುಗಾವಲು, ಅದರಾಚೆ ಬರೀ ಬರ್ಚ್ ಮರಗಳು. ಸ್ಪ್ರೂಸ್ ಇದ್ದದ್ದು ನಮ್ಮ ಬೆನ್ನ ಹಿಂದೆ ಮಾತ್ರ.

ಜಿಂಕೆ ಬಂತು. ತಲೆ ಎತ್ತಿ ನಿಂತಿತು... ಗುಂಡು. ನಿಂತಲ್ಲೇ ಕುಸಿಯಿತು.

ತಕ್ಷಣ ಇಳಿಯಬಾರದಂತೆ. ಕಾದೆವು. ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾಗಿದ್ದವು. ಮೂಗಿನ ತುಂಬ ಮದ್ದಿನ ವಾಸನೆ.

ಆಗ ಹಿಂದೆ, ಏಣಿಯ ಬುಡದಲ್ಲಿ... ಟಕ್.

ಹಸಿ ಕಡ್ಡಿ ಮುರಿದ ಸದ್ದು. ಮೆಲ್ಲನೆ ಮೇಲೇರಿ ಬಂದ ಮರದ ಅಂಟಿನ ವಾಸನೆ.

"ಯಾರೋ ಅದು?"

"ಶ್..."

ಇಬ್ಬರೂ ಬಗ್ಗಿ ನೋಡಿದೆವು. ಯಾರೂ ಇಲ್ಲ.

ಇಳಿದು ಒಟ್ಟಿಗೆ ನಡೆದೆವು. ಇಬ್ಬನಿಯ ಹುಲ್ಲಿನಲ್ಲಿ ನಾವು ತುಳಿದದ್ದನ್ನು ಬಿಟ್ಟರೆ ಬೇರೆ ಹೆಜ್ಜೆಯ ಜಾಡಿರಲಿಲ್ಲ. ಜಿಂಕೆಯ ಹತ್ತಿರ ತಲುಪುವ ಮೊದಲೇ ಕಂಡಿತು. ಅದರ ಬಾಯಲ್ಲಿ ಅಡ್ಡಲಾಗಿ ಇಟ್ಟ ಹಸಿರು ಕುಡಿ. ಮುರಿದ ತುದಿಯಲ್ಲಿ ಇನ್ನೂ ಅಂಟು ಜಿನುಗುತ್ತಿತ್ತು.

"ಮಾಡಲ್ಲ ಅಂದಿದ್ಯಲ್ಲೋ!" ಕಿರುಚಿದೆ. "ಯಾರನ್ನ ಬಚ್ಚಿಟ್ಟಿದ್ದೀಯ ಇಲ್ಲಿ? ನನ್ನನ್ನ ಹೆದರಿಸೋಕೆ ಇಷ್ಟೆಲ್ಲಾನಾ?"

"ನನ್ನನ್ನಾ ಕೇಳುವುದು? ನಿನ್ನ ಪಕ್ಕದಲ್ಲೇ ಇದ್ದೆನಲ್ಲ!"

"ಹಾಗಾದ್ರೆ ಅದೇ ಮೇಯ್ತಿತ್ತು."

"ಇಲ್ಲಿ ಎಲ್ಲಿದೆ ಸ್ಪ್ರೂಸ್? ತೋರಿಸು. ವಾದ ಮಾಡ್ತೀಯಲ್ಲ, ತೋರಿಸು!"

ಅವನ ತುಟಿ ಬಿಳಿಚಿಕೊಂಡಿತ್ತು. ಅದೂ ನಟನೆಯೇ ಎಂದೆ. ಮನೆ ತಲುಪುವವರೆಗೂ ಕಾರಿನಲ್ಲಿ ಅಂಟಿನ ವಾಸನೆ.

ಆಮೇಲೆ ನಾನು ಬಿಡಲಿಲ್ಲ. ಫೋನ್ ಮಾಡಿ ಮಾಡಿ ಪೀಡಿಸಿದೆ. ಒಪ್ಪಿಕೋ, ಇಲ್ಲವೇ ಸಾಬೀತು ಮಾಡು. ಕೊನೆಗೊಂದು ದಿನ ಅವನು ತಣ್ಣಗೆ ಹೇಳಿದ:

"ಸರಿ. ನಾನೇ ಇಟ್ಟದ್ದು. ಗೆದ್ದೆಯಲ್ಲ? ಇನ್ನು ಫೋನ್ ಮಾಡಬೇಡ."

ಗೆದ್ದೆ. ಅಂದಿನಿಂದ ಅವನು ಮಾತಾಡಿಲ್ಲ.

ಆದರೆ ಹುಲ್ಲುಗಾವಲು ದಾಟುವಾಗ ನನ್ನ ಕಣ್ಣು ಅವನ ಮೇಲೇ ಇತ್ತು. ಅವನ ಎರಡೂ ಕೈ ಬಂದೂಕಿನ ಮೇಲಿದ್ದವು. ಸುಳ್ಳು ಹೇಳಿ ನನ್ನನ್ನು ಗೆಲ್ಲಿಸಿದ್ದಾನೆ, ದರಿದ್ರದವನು. ಅದು ಸುಳ್ಳೆಂದು ನಾನು ಒಪ್ಪಿಕೊಂಡರೆ ಅವನು ಮತ್ತೆ ನನ್ನ ಗೆಳೆಯನಾಗುತ್ತಾನೆ. ಆಗ ಆ ಕುಡಿಯನ್ನು ಮುರಿದ ಕೈ ಯಾರದು?

ಫೋನ್ ಕೈಯಲ್ಲೇ ಇದೆ... ಇನ್ನೂ ಮಾಡಿಲ್ಲ.