ಒಗೆಯುವ ಕೋಣೆ ಇಲ್ಲದ ಸ್ಟೇಡಿಯಂ

ಬೆಳಗಿನ ಐದೂವರೆ. ಹೊಸ ಫುಟ್‌ಬಾಲ್ ಸ್ಟೇಡಿಯಂನ ಹಿಂಭಾಗದಲ್ಲಿ, ಕಾರುಗಳು ಇಳಿದು ಬರುವ ಇಳಿಜಾರಿನ ಅಡಿಯಲ್ಲಿ ಒಂದು ತಗಡಿನ ಬಾಗಿಲಿದೆ. ಬಾಗಿಲ ಮೇಲೆ ‘ಜನರೇಟರ್’ ಎಂದು ಬರೆದಿದೆ. ಒಳಗಿರುವುದು ಜನರೇಟರ್ ಅಲ್ಲ. ಮೂರು ಬಟ್ಟೆ ಒಗೆಯುವ ಯಂತ್ರಗಳು, ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದ ಒಂಬತ್ತು ಸಾಲು ನೈಲಾನ್ ಹಗ್ಗ, ಮತ್ತು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕಾಲುಚೀಲಗಳನ್ನು ಬಿಡಿಸುತ್ತಿರುವ ಐವತ್ಮೂರು ವರ್ಷದ ಒಬ್ಬ ಹೆಂಗಸು. ಆಟಗಾರರು ಕಾಲುಚೀಲವನ್ನು ಕಿತ್ತೆಸೆಯುವಾಗ ಅದು ಉಂಡೆಯಾಗಿಬಿಡುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಮಣ್ಣು ಒಳಗೇ ಉಳಿಯುತ್ತದೆ. ಇಪ್ಪತ್ತನಾಲ್ಕು ಆಟಗಾರರು, ದಿನಕ್ಕೆ ಎರಡು ಅಭ್ಯಾಸ, ಒಟ್ಟು ತೊಂಬತ್ತಾರು ಕಾಲುಚೀಲ. ಅಷ್ಟರೊಳಗೂ ಇವರ ಕೈ ಹೋಗಿ ಬರಬೇಕು.

“ಇದರೊಳಗೆ ಕೈ ಹಾಕಿದ್ರೆ ಸಾಕು, ನಿನ್ನೆ ಯಾರು ಓಡಿದ್ರು, ಯಾರು ನಿಂತ್ಕೊಂಡೇ ಸಂಬಳ ತಗೊಂಡ್ರು ಅಂತ ಗೊತ್ತಾಗತ್ತೆ” ಎನ್ನುತ್ತಾರೆ. ಒಂದು ಜೊತೆ ಎತ್ತಿ ತೋರಿಸುತ್ತಾರೆ. ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. “ಇವರು ನೋಡಿ, ತುಂಬಾ ದುಬಾರಿ ಮನುಷ್ಯ.”

ಕ್ಲಬ್ಬಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ‘ಜರ್ಸಿ ಅಕ್ಕ’ ಎಂದೇ. ಅಧ್ಯಕ್ಷರಿಗೂ ಅಕ್ಕ, ಗೇಟಿನ ಕಾವಲುಗಾರನಿಗೂ ಅಕ್ಕ. ಇಪ್ಪತ್ತಾರು ವರ್ಷಗಳಿಂದ ತಂಡದ ಬಟ್ಟೆ ಇವರ ಕೈಯಲ್ಲೇ ಒಗೆಸಿಕೊಂಡಿದೆ. ಜೊತೆಗೆ ಇನ್ನಿಬ್ಬರಿದ್ದಾರೆ. ಇಸ್ತ್ರಿ ಮಾಡಿ ಮಡಚುವುದು ಅಕ್ಕನ ನಾದಿನಿಯ ಕೆಲಸ. ಕಲೆ ತೆಗೆಯುವುದು ‘ದೊಡ್ಡಮ್ಮ’ನ ಕೆಲಸ. ಐವತ್ತೊಂಬತ್ತು ವರ್ಷದ ಈ ದೊಡ್ಡಮ್ಮ ಯಾರಿಗೂ ಸಂಬಂಧಿಯಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ರಕ್ತದ ಕಲೆಗೆ ತಣ್ಣೀರು, ಹುಲ್ಲಿನ ಕಲೆಗೆ ಸೋಪಿಗಿಂತ ಮೊದಲು ಒಂದು ಗಂಟೆ ನೆನೆಸುವುದು, ಬೆವರಿನ ಹಳದಿಗೆ ಅವಸರ ಕೂಡದು. ಅವರ ಬಾಯಲ್ಲಿ ಮಾತು ಕಡಿಮೆ, ಕೆಮ್ಮು ಜಾಸ್ತಿ. ಈ ಕೋಣೆಗೆ ಕಿಟಕಿ ಇಲ್ಲ. ಜನರೇಟರಿಗೆ ಇದಕ್ಕಿಂತ ಒಳ್ಳೆಯ ಗಾಳಿ ಬೇಕಂತೆ, ಅದನ್ನು ಬೇರೆ ಕಡೆ ಇಟ್ಟಿದ್ದಾರೆ.

ಈ ಲೇಖನವನ್ನು ಸಿಟ್ಟಿಲ್ಲದೆ ಬರೆಯಬೇಕೆಂದು ನಾನು ಬಂದಿದ್ದೆ. ಆಗಲಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ, ಒಂದು ಫೋಟೊ ಹಾಕಿ, ಕೈತೊಳೆದುಕೊಳ್ಳುವುದು ನಮ್ಮಂಥ ಪತ್ರಿಕೆಯವರ ಅಭ್ಯಾಸ. ಆದರೆ ಈ ಮೂವರನ್ನು ಮರೆ ಮಾಡಿದ್ದು ಎಲೆಯಲ್ಲ, ಒಂದು ನೀಲಿ ಪರದೆ. ಅದನ್ನು ಅಳತೆ ಕೊಟ್ಟು ಹೊಲಿಸಿದ್ದಾರೆ.

ಪರದೆಯ ಕಥೆ ಹೇಳಬೇಕಾದರೆ ಹಳೆಯ ಮೈದಾನದಿಂದ ಶುರು ಮಾಡಬೇಕು. ಅಲ್ಲಿ ಆಟಗಾರರ ಕೋಣೆಯ ಪಕ್ಕದಲ್ಲೇ ಒಗೆಯುವ ಕೋಣೆ ಇತ್ತು. ಎರಡು ಕಿಟಕಿ, ಕಲ್ಲಿನ ತೊಟ್ಟಿ, ನೆರಳಲ್ಲಿ ಗಾಳಿಯಾಡುವ ಉದ್ದನೆಯ ಪಡಸಾಲೆ. ಅಕ್ಕ ಅಲ್ಲಿಗೆ ಬಂದದ್ದು ಕುರ್ಚಿಗಳ ಕೆಳಗಿನ ಕಸ ಗುಡಿಸಲು. ಹಿಂದಿನ ಒಗೆಯುವಾತ ಕೆಲಸ ಬಿಟ್ಟಾಗ ಇವರನ್ನು ಆ ಜಾಗಕ್ಕೆ ಹಾಕಿದರು. ಮೊದಲ ವಾರವೇ ಬಿಳಿ ಜರ್ಸಿಗಳ ಜೊತೆ ಅಭ್ಯಾಸದ ಒಂದು ಕೆಂಪು ಮೇಲಂಗಿಯನ್ನೂ ಯಂತ್ರಕ್ಕೆ ತುಂಬಿಬಿಟ್ಟರು. ಭಾನುವಾರ ಹನ್ನೊಂದು ಜನ ಗುಲಾಬಿ ಬಣ್ಣದಲ್ಲಿ ಮೈದಾನಕ್ಕೆ ಇಳಿದರು.

“ಜನ ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು. ನಾನು ತೊಟ್ಟಿ ಹಿಂದೆ ಕೂತು ಅಳ್ತಾ ಇದ್ದೆ. ಆವತ್ತು ಮೂರು ಗೋಲಲ್ಲಿ ಗೆದ್ರು. ಮಾರನೇ ದಿನ ಕೋಚ್ ಬಂದು, ಇನ್ನೊಂದು ಸಲ ಗುಲಾಬಿ ಮಾಡಕ್ಕಾಗತ್ತಾ ಅಂತ ಕೇಳಿದ್ರು” ಎಂದು ಅಕ್ಕ ನಗುತ್ತಾರೆ. ತಪ್ಪು ಮಾಡಿದವಳ ಬಳಿಗೆ ಕೋಚ್ ನಡೆದು ಬರಬಹುದಾದಷ್ಟು ಹತ್ತಿರದಲ್ಲಿ ಆ ಕೋಣೆ ಇತ್ತು ಎನ್ನುವುದನ್ನು ಗಮನಿಸಿ.

ಆಮೇಲೆ ಹೋಲಿಕೆಯ ಕಾಲ ಬಂತು. ಹೊಳೆಯಾಚೆಯ ಕ್ಲಬ್ ದೊಡ್ಡ ಸ್ಟೇಡಿಯಂ ಕಟ್ಟಿತು. ಪಂದ್ಯದ ದಿನದ ಅವರ ಆದಾಯ ನಮ್ಮದರ ಎರಡರಷ್ಟಾಯಿತು. ಅವರು ವರ್ಷಕ್ಕೆ ನಾಲ್ವರು ಆಟಗಾರರನ್ನು ಕೊಂಡರೆ ನಾವು ಒಬ್ಬನಿಗಾಗಿ ಚೌಕಾಸಿ ಮಾಡುತ್ತ ಕುಳಿತೆವು. ಅಧ್ಯಕ್ಷರು ಪ್ರತಿ ಸಭೆಯಲ್ಲೂ ಎರಡು ಕಂಬಗಳ ಚಿತ್ರ ತೋರಿಸುತ್ತಿದ್ದರು. ಎತ್ತರದ್ದು ಅವರದು, ಗಿಡ್ಡದ್ದು ನಮ್ಮದು. ಗಿಡ್ಡ ಕಂಬವನ್ನು ಬೆಳೆಸಲು ಹೊಸ ಸ್ಟೇಡಿಯಂ ಎದ್ದಿತು. ಅದರಲ್ಲಿ ಶ್ರೀಮಂತರಿಗೆಂದು ನಲವತ್ತೆರಡು ಗಾಜಿನ ಕೋಣೆಗಳಿವೆ. ಒಂದು ಕೋಣೆಯ ಒಂದು ಪಂದ್ಯದ ಬಾಡಿಗೆ ಈ ಮೂವರು ಹೆಂಗಸರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಮೊದಲ ನಕ್ಷೆಯಲ್ಲಿ ಒಗೆಯುವ ಕೋಣೆ ಇತ್ತು. ಎರಡನೆಯ ನಕ್ಷೆಯಲ್ಲಿ ಅದು ಮಾಯವಾಯಿತು. ಆ ಜಾಗದಲ್ಲಿ ಈಗ ಅರವತ್ತು ಅತಿಥಿಗಳು ಗ್ಲಾಸು ಹಿಡಿದು ನಿಲ್ಲುವ ಹಜಾರವಿದೆ. ಆಟಗಾರರು ಮೈದಾನಕ್ಕೆ ನಡೆದು ಹೋಗುವ ಓಣಿಯನ್ನು ಗಾಜಿನ ಗೋಡೆಯಾಚೆಯಿಂದ ನೋಡಲು ಇವರು ದುಡ್ಡು ಕೊಡುತ್ತಾರೆ. ಆಟ ನೋಡಲು ಅಲ್ಲ, ನಡಿಗೆ ನೋಡಲು. ಸ್ಟೇಡಿಯಂನ ಉಸ್ತುವಾರಿ ನೋಡುವ ಮ್ಯಾನೇಜರ್ ನನಗೆ ಇದನ್ನು ಹೆಮ್ಮೆಯಿಂದಲೇ ವಿವರಿಸಿದರು. “ಇಲ್ಲಿ ಪ್ರತಿ ಚದರ ಅಡಿಯೂ ದುಡೀಬೇಕು ಸಾರ್.” ದುಡಿಯುವವರು ನಿಲ್ಲುವುದಕ್ಕೆ ಎಷ್ಟು ಚದರ ಅಡಿ ಇಟ್ಟಿದ್ದೀರಿ ಎಂದು ಕೇಳಿದೆ. ಅವರು ಕೈಗಡಿಯಾರ ನೋಡಿಕೊಂಡರು.

ಕೋಣೆ ಹೋದ ಮೇಲೆ ಕೆಲಸವೂ ಹೋಯಿತು. ಒಗೆಯುವುದನ್ನು ಹೊರಗಿನ ಕಂಪನಿಗೆ ಒಪ್ಪಿಸಿದರು. ಮೂವರಿಗೂ ಒಂದೊಂದು ಹಾಳೆ ಕೊಟ್ಟು ಕಳಿಸಿದರು. ಹಾಳೆ ಕೊಡುವಾಗ ಅಕ್ಕ ಒಂದೇ ಮಾತು ಹೇಳಿದ್ದರು: ಜರ್ಸಿಯನ್ನು ಒಳಮೈ ಹೊರಗೆ ತಿರುವಿ ಒಗೆಯಬೇಕು, ನೆರಳಲ್ಲಿ ಒಣಗಿಸಬೇಕು, ಬಿಸಿಗಾಳಿಯ ಯಂತ್ರಕ್ಕೆ ಹಾಕಲೇಬಾರದು. ಎದೆಯ ಮೇಲೆ ಪ್ರಾಯೋಜಕರ ಹೆಸರು ಅಂಟಿಸಿದ್ದಾಗಿರುತ್ತದೆ, ಹೊಲಿದದ್ದಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸ ಸ್ಟೇಡಿಯಂನ ಮೂರನೇ ಪಂದ್ಯ. ಅಕ್ಕ ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದರು. “ಮೊದಲು ಏಳನೇ ನಂಬರಿನ ಹುಡುಗನ ಎದೆ ಮೇಲೆ ಒಂದು ಅಕ್ಷರ ಸುರುಳಿ ಸುತ್ಕೊಳ್ತು. ಅಯ್ಯೋ, ಬಿಸಿಗೆ ಹಾಕ್ಬಿಟ್ಟಿದ್ದಾರಲ್ಲ ಅಂದೆ. ಅರ್ಧ ಪಂದ್ಯ ಮುಗಿಯೋಷ್ಟರಲ್ಲಿ ಐದು ಜನರ ಎದೆ ಬೋಳು. ಗೋಲ್‌ಕೀಪರ್ ಕೆಳಗೆ ಬಿದ್ದಿದ್ದ ಅಕ್ಷರ ಆರಿಸಿ ಕಾಲುಚೀಲಕ್ಕೆ ಸಿಕ್ಕಿಸ್ಕೊಳ್ತಾ ಇದ್ದ.”

ಅತಿ ಹೆಚ್ಚು ದುಡ್ಡು ಕೊಡುವ ಪ್ರಾಯೋಜಕರ ಹೆಸರು ಲಕ್ಷಾಂತರ ಜನರ ಕಣ್ಣೆದುರು ಹುಲ್ಲಿನ ಮೇಲೆ ಉದುರಿತು. ಅವರು ಆ ಪಂದ್ಯದ ಹಣ ಹಿಡಿದಿಟ್ಟುಕೊಂಡರು. ಮೂವರನ್ನು ಮನೆಗೆ ಕಳಿಸಿ ಎಷ್ಟು ವರ್ಷದಲ್ಲಿ ಅಷ್ಟು ಉಳಿಸಬಹುದಿತ್ತು ಎಂದು ಕ್ಲಬ್ಬಿನ ಗುಮಾಸ್ತರೊಬ್ಬರನ್ನು ಕೇಳಿದೆ. ಹದಿನಾಲ್ಕು ವರ್ಷ ಎಂದರು, ತಗ್ಗಿದ ದನಿಯಲ್ಲಿ.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಫೋನ್ ಬಂತು. ನೀವೊಬ್ಬರೇ ಬನ್ನಿ ಅಕ್ಕ ಎಂದರು. ಗೇಟಿನ ಮುಂದೆ ಮೂವರೂ ನಿಂತಿದ್ದರು. ಪಂದ್ಯಕ್ಕೆ ನಾಲ್ಕೇ ದಿನ ಇದ್ದದ್ದರಿಂದ ಮೂವರಿಗೂ ಬಾಗಿಲು ತೆರೆಯಿತು, ಆದರೆ ಈ ಪಂದ್ಯಗಳ ಋತು ಮುಗಿಯುವವರೆಗೆ ಮಾತ್ರ, ದಿನಗೂಲಿಗೆ. ಕೋಣೆ ಬೇಕಲ್ಲ ಎಂದಾಗ ಈ ತಗಡಿನ ಬಾಗಿಲು ಸಿಕ್ಕಿತು.

ಇಲ್ಲಿಂದ ಆಟಗಾರರ ಕೋಣೆಗೆ ಹತ್ತಿರದ ದಾರಿ ಆ ಗಾಜಿನ ಓಣಿ. ವಾಪಸು ಬಂದ ಮೇಲಿನ ಮೊದಲ ಪಂದ್ಯದ ದಿನ ದೊಡ್ಡಮ್ಮ ಬಟ್ಟೆಯ ಗಾಡಿ ತಳ್ಳಿಕೊಂಡು ಆ ದಾರಿಯಲ್ಲೇ ಹೋದರು. ಗ್ಲಾಸು ಹಿಡಿದ ಯಾರೋ ಮುಖ ಸಿಂಡರಿಸಿದರಂತೆ. ಮುಂದಿನ ಪಂದ್ಯಕ್ಕೆ ಓಣಿಯ ತುದಿಯಲ್ಲಿ ನೀಲಿ ಪರದೆ ಇಳಿಬಿದ್ದಿತ್ತು. ಪಂದ್ಯದ ದಿನ ಮೂವರೂ ಪರದೆಯ ಈಚೆಗೇ ಇರಬೇಕು, ಗಾಡಿಯನ್ನು ಹೊರಗಿನ ಇಳಿಜಾರಿನಲ್ಲಿ ನಾನೂರು ಮೀಟರ್ ಸುತ್ತಿಸಿ ತಳ್ಳಬೇಕು. ಮಳೆ ಬಂದರೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಇದೆ. ತಳ್ಳುವವರಿಗೆ ಇಲ್ಲ. ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತದೆ, ಅಕ್ಕನಿಗೆ ಹಾಗೇನಿಲ್ಲ.

“ಸಿಟ್ಟು ಬರಲ್ವಾ?” ಎಂದು ಕೇಳಿದೆ.

“ಬರತ್ತೆ. ಸಿಟ್ಟು ಬಂದ ದಿನ ಕಾಲರ್ ಉಜ್ತೀನಿ, ಕೊಳೆ ಚೆನ್ನಾಗಿ ಬಿಡತ್ತೆ” ಎಂದರು.

ಋತು ಮುಗಿಯಲು ಇನ್ನು ಮೂರು ವಾರ ಉಳಿದಿದೆ. ಆಮೇಲೆ ಏನು ಎನ್ನುವುದೇ ಈ ಕೋಣೆಯಲ್ಲಿ ಮೂವರೂ ನುಂಗಿಕೊಂಡಿರುವ ಪ್ರಶ್ನೆ. ದೊಡ್ಡಮ್ಮನಿಗೆ ನಿವೃತ್ತಿ ವೇತನ ಸಿಗಬೇಕಾದರೆ ಇನ್ನು ಹನ್ನೊಂದು ತಿಂಗಳ ಕೆಲಸ ಬೇಕು. ನಾದಿನಿಯ ಗಂಡ ಹಾಸಿಗೆ ಹಿಡಿದು ಮೂರು ವರ್ಷ, ಮನೆ ನಡೆಯುವುದು ಅವಳ ಕೂಲಿಯಲ್ಲಿ. “ಅಣ್ಣ ಹೋದ ಮೇಲೆ ಅತ್ತಿಗೇನೇ ನನಗೆ ಅಣ್ಣ” ಎಂದು ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಹೇಳುತ್ತಾಳೆ ಅವಳು.

ಇವತ್ತು ಮಧ್ಯಾಹ್ನ ಹೊಳೆಯಾಚೆಯ ಕ್ಲಬ್ ಜೊತೆ ಪಂದ್ಯ. ಒಂಬತ್ತು ಗಂಟೆಗೆ ಮ್ಯಾನೇಜರ್ ತಗಡಿನ ಬಾಗಿಲು ತಳ್ಳಿಕೊಂಡು ಬರುತ್ತಾರೆ. ನನ್ನನ್ನು ಕಂಡು ಕೊಂಚ ತಡವರಿಸುತ್ತಾರೆ. ಕೈಯಲ್ಲಿ ಒಂದು ಕಾಗದವಿದೆ. ಅಕ್ಕನಿಗೆ ಕಾಯಂ ಹುದ್ದೆ, ‘ಬಟ್ಟೆ ವಿಭಾಗದ ಮೇಲ್ವಿಚಾರಕಿ’, ಹಳೆಯ ಸಂಬಳದ ಒಂದೂವರೆ ಪಟ್ಟು. ಕೆಲಸ ಇಷ್ಟೇ, ಹೊರಗಿನ ಕಂಪನಿಯ ಕೆಲಸಗಾರರಿಗೆ ಎಲ್ಲ ಕಲಿಸಿಕೊಡಬೇಕು. ಉಳಿದಿಬ್ಬರು ಕೊನೆಯ ಪಂದ್ಯದ ದಿನ ಮನೆಗೆ ಹೋಗಬೇಕು.

“ಸಂಜೆಯೊಳಗೆ ಸಹಿ ಬೇಕು ಅಕ್ಕ. ಅಧ್ಯಕ್ಷರು ಇವತ್ತು ಬರ್ತಾರೆ.”

ಅಕ್ಕ ಕೈ ಒರೆಸಿಕೊಂಡು ಕಾಗದವನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ದೊಡ್ಡಮ್ಮ ತಲೆ ಎತ್ತುವುದಿಲ್ಲ, ಒಂದು ಮೊಣಕಾಲಿನ ಕಲೆಯನ್ನು ಉಜ್ಜುತ್ತಲೇ ಇರುತ್ತಾರೆ.

“ಹಾಕ್ಬಿಡು ಅತ್ತಿಗೆ” ಎನ್ನುತ್ತಾಳೆ ನಾದಿನಿ. “ಒಬ್ಬರಾದ್ರೂ ಒಳಗಿರಲಿ.”

“ನೀನು ಸುಮ್ನಿರು. ಸಾರ್, ಇದರಲ್ಲಿ ಒಂದೇ ಹೆಸರಿದೆ.”

“ಇರೋದು ಒಂದೇ ಹುದ್ದೆ ಅಕ್ಕ. ನಿಮಗೇ ಗೊತ್ತಲ್ಲ, ಹೊಳೆಯಾಚೆಯವರ ಆದಾಯ ಎಷ್ಟು, ನಮ್ಮದೆಷ್ಟು. ಅವರ ಸಮಕ್ಕೆ ನಿಲ್ಲಬೇಕು ಅಂದ್ರೆ ನಾವು ಎಲ್ಲ ಕಡೆ ಖರ್ಚು ಹಿಡೀಲೇಬೇಕು.”

“ಅವರ ಕ್ಲಬ್ಬಲ್ಲಿ ಬಟ್ಟೆ ಒಗೆಯೋಕೆ ಎಷ್ಟು ಜನ ಇದ್ದಾರೆ ಸಾರ್?”

ಮ್ಯಾನೇಜರಿಗೆ ಗೊತ್ತಿಲ್ಲ. ಎರಡು ಕಂಬಗಳ ಚಿತ್ರದಲ್ಲಿ ಅದು ಇರಲಿಲ್ಲ.

“ಒಂಬತ್ತು ಜನ” ಎನ್ನುತ್ತಾರೆ ಅಕ್ಕ. “ಅಲ್ಲಿ ನನ್ನ ಕೆಲಸ ಮಾಡೋವಳು ಆಗಾಗ ಫೋನ್ ಮಾಡ್ತಾಳೆ. ಕೋಣೆಗೆ ನಾಲ್ಕು ಕಿಟಕಿ ಇದ್ಯಂತೆ. ಹೋಲಿಸೋದಾದ್ರೆ ಪೂರ್ತಿ ಹೋಲಿಸಿ ಸಾರ್.”

ಕಾಗದವನ್ನು ಮಡಿಕೆ ಬೀಳದ ಹಾಗೆ ಹಿಡಿದು ವಾಪಸು ಕೊಡುತ್ತಾರೆ. “ಮೂರು ಹೆಸರು ಬರೆಸ್ಕೊಂಡು ಬನ್ನಿ, ಹಳೇ ಸಂಬಳವೇ ಸಾಕು. ಇಲ್ಲಾಂದ್ರೆ ಮೂರು ವಾರ ಆದ್ಮೇಲೆ ಮೂವರೂ ಒಟ್ಟಿಗೇ ಹೋಗ್ತೀವಿ.”

ಮ್ಯಾನೇಜರ್ ಮುಖದಲ್ಲಿ ಭಯ ಕಾಣಿಸಿಕೊಳ್ಳುತ್ತದೆ. ಅವರು ಹಗ್ಗದ ಮೇಲಿನ ಜರ್ಸಿಗಳನ್ನು ನೋಡುತ್ತಾರೆ, ಗಡಿಯಾರ ನೋಡುತ್ತಾರೆ. “ಹಾಗಾದ್ರೆ ಇವತ್ತಿನ ಪಂದ್ಯಕ್ಕೆ?”

ಅಕ್ಕ ಆಗಲೇ ಹಗ್ಗದ ಕಡೆ ತಿರುಗಿದ್ದಾರೆ. ಒಂದೊಂದೇ ಜರ್ಸಿಯ ಎದೆಯ ಮೇಲೆ ಅಂಗೈ ಆಡಿಸಿ, ಒಣಗಿದೆಯೇ ನೋಡಿ, ನಾದಿನಿಯ ಕೈಗೆ ಕೊಡುತ್ತಾರೆ.

“ಎಲ್ಲ ಒಣಗಿವೆ ಸಾರ್, ತಗೊಂಡ್ ಹೋಗಿ. ಬಟ್ಟೆ ಏನು ತಪ್ಪು ಮಾಡಿದೆ.”